ಶಾಂಘೈ ನಗರದಲ್ಲಿ ಶ್ರಾವಕನ ಆಹಾರ-ಪಾನ ವಿಚಾರ

ವ್ಯಾಪಾರ, ಉದ್ಯೋಗ, ಯಂತ್ರಗಳ ಖರೀದಿ ಮೊದಲಾದ ಕಾರಣಗಳಿಂದ ನಮ್ಮ ಸಮಾಜದ ಶ್ರಾವಕರು ಚೀನಾ ದೇಶಕ್ಕೆ ಹೋಗಿಬರುವುದು ಈಗ ಅಪರೂಪವಲ್ಲ. ಹೊರಡುವ ಮುನ್ನ ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಅಲ್ಲಿ ಏನು ತಿನ್ನುವುದು?’ ಆದರೆ ವ್ರತಧಾರಿಯಾದವನು ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದುದು ಬೇರೊಂದಿದೆ. ದಿಗ್ವ್ರತವನ್ನು ಸ್ವೀಕರಿಸಿದಾಗ ಪೂರ್ವ ದಿಕ್ಕಿನಲ್ಲಿ ತಾನು ಎಲ್ಲಿಯವರೆಗೆ ಮೇರೆ ಹಾಕಿಕೊಂಡಿದ್ದೆನೆಂಬುದನ್ನು ಅವನು ನೆನೆಯಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಊರ್ಧ್ವ, ಅಧಃ, ತಿರ್ಯಕ್ ಮೇರೆಗಳನ್ನು ದಾಟುವುದು ಮೂರು. ಲೋಭದಿಂದ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು ನಾಲ್ಕನೆಯದು. ಹಾಕಿಕೊಂಡ ಮೇರೆಯನ್ನೇ ಮರೆಯುವುದು ಐದನೆಯದು. ವಿಮಾನವನ್ನೇರುವವನು ಊರ್ಧ್ವದ ಮೇರೆಯನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕೆಂಬುದು ಹಲವರಿಗೆ ಹೊಳೆಯುವುದೇ ಇಲ್ಲ. ಶಾಂಘೈ ನಗರವು ತನ್ನ ಮೇರೆಯ ಹೊರಗಿದ್ದರೆ ಈ ಲೇಖನದ ಉಳಿದ ಭಾಗ ಅವನಿಗೆ ಬೇಕಾಗಿಲ್ಲ.

ಚೀನೀಯರು ಸರ್ವಭಕ್ಷಕರು, ಆ ನಾಡಿನಲ್ಲಿ ನಮಗೆ ಅನ್ನ-ನೀರು ಸಿಕ್ಕದು ಎಂಬ ಮಾತು ನಮ್ಮ ಮನೆಗಳಲ್ಲಿ ರೂಢವಾಗಿದೆ. ಇದು ಅರ್ಧಸತ್ಯ. ಕ್ರಿ.ಶ. 502ರಿಂದ 549ರವರೆಗೆ ಆಳಿದ ಲಿಯಾಂಗ್ ವಂಶದ ವೂ ಚಕ್ರವರ್ತಿಯು ಬೌದ್ಧ ಭಿಕ್ಷುಗಳು ಮದ್ಯ-ಮಾಂಸಗಳನ್ನು ಬಿಡಬೇಕೆಂದು ವಿಧಿಸಿದನು. ಅವನ ರಾಜಧಾನಿಯು ಇಂದಿನ ನಾನ್‌ಜಿಂಗ್, ಅಂದರೆ ಶಾಂಘೈಗೆ ದೂರವಲ್ಲದ ಊರು. ಅಂದಿನಿಂದ ಚೀನಾದ ವಿಹಾರಗಳ ಅಡುಗೆಮನೆಯು ನಿರಾಮಿಷವಾಗಿ ಬಂದಿದೆ. ಅಲ್ಲಿ ಬೆಳ್ಳುಳ್ಳಿ, ಈರುಳ್ಳಿ ಮತ್ತು ಅದೇ ಜಾತಿಯ ಘಾಟು ಸೊಪ್ಪುಗಳೂ ನಿಷಿದ್ಧ. ಇಂಗೂ ಆ ನಿಷಿದ್ಧ ಪಟ್ಟಿಯಲ್ಲಿ ಸೇರಿದೆ! ಈರುಳ್ಳಿಯನ್ನು ಬಿಟ್ಟ ನಾವು ಒಗ್ಗರಣೆಗೆ ಇಂಗನ್ನು ಆಶ್ರಯಿಸಿದ್ದೇವೆ. ಅವರು ಅದನ್ನೂ ಬಿಟ್ಟಿದ್ದಾರೆ.

ಇದಕ್ಕಿಂತಲೂ ನಮ್ಮ ವಾಚಕರಿಗೆ ಆಪ್ತವೆನಿಸುವ ಸಂಗತಿ ಇನ್ನೊಂದಿದೆ. ಅಲ್ಲಿಯ ಗೃಹಸ್ಥ ಬೌದ್ಧರು ಚಾಂದ್ರಮಾಸದ 8, 14, 15, 23, 29 ಮತ್ತು 30ನೆಯ ದಿನಗಳನ್ನು ವ್ರತದಿನಗಳೆಂದು ಎಣಿಸುತ್ತಾರೆ. ಇವು ಹೆಚ್ಚುಕಡಿಮೆ ನಮ್ಮ ಎರಡು ಅಷ್ಟಮಿ, ಎರಡು ಚತುರ್ದಶಿ, ಹುಣ್ಣಿಮೆ ಮತ್ತು ಅಮಾವಾಸ್ಯೆಗಳೇ ಸರಿ. ಸಾಮಾನ್ಯ ಜನರಲ್ಲಿ ಬಹುಮಂದಿ ಮಾಸದ 1 ಮತ್ತು 15ನೆಯ ದಿನ ಮಾತ್ರ ಮಾಂಸವನ್ನು ಬಿಡುತ್ತಾರೆ. ಆದುದರಿಂದ ‘ನಾನು ವ್ರತಸ್ಥ’ ಎಂದು ತಿಳಿಸಿದರೆ ಅಲ್ಲಿಯ ಹಿರಿಯರಿಗೆ ಅದು ವಿಚಿತ್ರವಾಗಿ ತೋರುವುದಿಲ್ಲ.

ನಿರಾಮಿಷ ಆಹಾರಕ್ಕೆ ಅಲ್ಲಿ ‘ಸು’ ಎಂದು ಹೆಸರು. ಆದರೆ ಸಾಧಾರಣ ಭೋಜನಗೃಹದಲ್ಲಿ ‘ಸು’ ಎಂದರೆ ತರಕಾರಿಯ ಪದಾರ್ಥವೆಂದಷ್ಟೇ ಅರ್ಥ. ಅದನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸಿರಬಹುದು, ಕೋಳಿಯ ರಸವನ್ನೋ ಪುಡಿಯನ್ನೋ ಬೆರೆಸಿರಬಹುದು. ‘ಮಾಂಸ ಬೇಡ’ ಎಂದರೂ ಸಾಲದು. ಆ ಭಾಷೆಯಲ್ಲಿ ಮಾಂಸಕ್ಕಿರುವ ‘ರೋ’ ಎಂಬ ಮಾತು ಬರಿದೆ ಬಂದಾಗ ಹಂದಿಯ ಮಾಂಸವನ್ನೇ ಸೂಚಿಸುವುದರಿಂದ, ಮೀನನ್ನೂ ಒಣಸೀಗಡಿಯನ್ನೂ ಅವರು ನಿಷ್ಕಪಟವಾಗಿ ಬಡಿಸಿಯಾರು. ಬೆಳಗಿನ ಸೋಯಾ ಹಾಲನ್ನೇ ನೋಡಿರಿ: ಸಿಹಿಯಾದುದು ನಿರ್ದೋಷ, ಉಪ್ಪು ಹಾಕಿದುದರಲ್ಲಿ ಒಣಸೀಗಡಿ ಇರುವುದೇ ವಾಡಿಕೆ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಪ್ರಾಣಿಯ ಕೊಬ್ಬು, ಮದ್ಯ, ಜೇನು, ಈರುಳ್ಳಿ, ಬೆಳ್ಳುಳ್ಳಿ, ಅಣಬೆ, ನೆಲದಡಿಯ ಗೆಡ್ಡೆ ಇವೆಲ್ಲವನ್ನು ಒಂದೊಂದಾಗಿ ಹೆಸರಿಸಿ ‘ತಿನ್ನುವುದಿಲ್ಲ’ ಎಂದು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಂಡ ಚೀಟಿಯೇ ಲೇಸು. ನಮ್ಮ ಉಚ್ಚಾರಣೆಯನ್ನು ನಂಬಿ ವ್ರತವನ್ನು ಪಣಕ್ಕಿಡಬಾರದು.

ಪೂರ್ಣ ನಿರಾಮಿಷವೆಂದು ಖ್ಯಾತವಾದ ಗೃಹಗಳಲ್ಲಿ ಹಳೆಯದು ನಾನ್‌ಜಿಂಗ್ ಪಶ್ಚಿಮ ರಸ್ತೆಯ ‘ಗೋಂಗ್‌ದಲಿನ್’. 1922ರಲ್ಲಿ ಆರಂಭವಾದ ಈ ಗೃಹದ ಹೆಸರಿಗೆ ‘ಪುಣ್ಯದ ತೋಪು’ ಎಂದು ಅರ್ಥ. 1882ರಲ್ಲಿ ಸ್ಥಾಪಿತವಾದ ಪಚ್ಚೆಬುದ್ಧನ ದೇವಾಲಯದಲ್ಲಿಯೂ ಲೋಂಗ್‌ಹುವಾ ದೇವಾಲಯದಲ್ಲಿಯೂ ಯಾತ್ರಿಕರಿಗೆ ಶಾವಿಗೆಯ ಊಟ ದೊರೆಯುತ್ತದೆ. ಮಾಂಸದ ಭಯ ಇಲ್ಲಿ ಇಲ್ಲ. ಆದರೆ ಬೌದ್ಧರ ಶುದ್ಧಿಯೂ ನಮ್ಮ ಶುದ್ಧಿಯೂ ಒಂದೇ ಅಲ್ಲವೆಂಬುದನ್ನು ಮರೆಯಬಾರದು. ಅವರ ಸಾರಿಗೆ ರುಚಿ ಬರುವುದೇ ಅಣಬೆಯಿಂದ. ಶಾಂಘೈಯ ಮೆಚ್ಚಿನ ‘ಕಾವ್‌ಫು’ ಎಂಬ ಗೋಧಿಯ ಅಂಟಿನ ಪಲ್ಯದಲ್ಲಿಯೂ ಅದೇ ಇರುತ್ತದೆ. ತಾವರೆಯ ಗೆಡ್ಡೆ, ಕೆಸುವಿನ ಗೆಡ್ಡೆ, ಮೊಳಕೆಕಾಳು, ಮೂಲಂಗಿ ಇವೆಲ್ಲ ಅವರಿಗೆ ಗ್ರಾಹ್ಯ. ಅನಂತಕಾಯವನ್ನು ತ್ಯಜಿಸಿದವನಿಗೆ ಅವರ ಪಟ್ಟಿಯಲ್ಲಿ ಅನ್ನ, ಸೋಯಾ ಗಿಣ್ಣು, ಒಂದೆರಡು ಹಸಿರು ತರಕಾರಿ ಇವಿಷ್ಟೇ ಉಳಿದಾವು.

ಇಂಥ ಗೃಹಗಳಲ್ಲಿ ಇನ್ನೊಂದು ವಿಷಯವು ವಿಚಾರಾರ್ಹವಾಗಿದೆ. ಅಲ್ಲಿ ಸೋಯಾ ಹಾಲಿನ ಕೆನೆಪದರವನ್ನು ಮಡಿಸಿ, ಬಾತುಕೋಳಿಯ ಬಣ್ಣ ಬರಿಸಿ, ಅದೇ ಹೆಸರಿನಿಂದ ಬಡಿಸುತ್ತಾರೆ. ಹಾಗೆಯೇ ‘ಸಸ್ಯದ ಕೋಳಿ’, ‘ಸಸ್ಯದ ಏಡಿ’. ದ್ರವ್ಯದಲ್ಲಿ ಹಿಂಸೆಯಿಲ್ಲವಾದುದರಿಂದ ತಿಂದರೆ ತಪ್ಪೇನೆಂದು ಯುವಕರು ಕೇಳುವುದುಂಟು. ಅವರಿಗೆ ಜನ್ನಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ನೆನಪಿಸಬೇಕು. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಹಿಟ್ಟಿಗೆ ಪ್ರಾಣವೆಲ್ಲಿಯದು? ಆದರೂ ಆ ಸಂಕಲ್ಪದ ಫಲವಾಗಿ ತಾಯಿಮಕ್ಕಳು ನವಿಲೂ ನಾಯಿಯೂ ಆಗಿ ಹುಟ್ಟಿ, ಭವಭವಾಂತರಗಳಲ್ಲಿ ತೊಳಲಿದರು. ಚೀನಾದ ಅಡುಗೆಯವನ ಭಾವವು ಯಶೋಧರನದಲ್ಲ, ನಿಜ. ಮಾಂಸದ ಚಟವುಳ್ಳ ಅತಿಥಿಯನ್ನು ಒಂದು ಹೊತ್ತಾದರೂ ಅದರಿಂದ ಬಿಡಿಸುವುದೇ ಆ ಕೌಶಲದ ಪ್ರಯೋಜನ. ಹುಟ್ಟಿನಿಂದ ನಿರಾಮಿಷರಾದ ನಮಗೆ ಆ ಪ್ರಯೋಜನವೇ ಇಲ್ಲ. ಬಾತುಕೋಳಿಯೆಂದು ಭಾವಿಸಿ ಸೋಯಾವನ್ನು ಸವಿಯುವುದಕ್ಕೆ ಶ್ರಾವಕನಿಗೆ ಏನು ಕಾರಣ? ಸೋಯಾ ಬೇಕಿದ್ದರೆ ಸೋಯಾ ಎಂದೇ ಕೇಳಿ ತಿನ್ನಲಿ. ಮಕ್ಕಳು ಜೊತೆಯಲ್ಲಿದ್ದರಂತೂ ಈ ವಿಷಯದಲ್ಲಿ ಸಡಿಲಿಕೆ ಸಲ್ಲದೆಂದು ನನ್ನ ಅಭಿಪ್ರಾಯ.

ಭೋಗೋಪಭೋಗ ಪರಿಮಾಣವ್ರತದ ಅತಿಚಾರಗಳಲ್ಲಿ ಸಚಿತ್ತ, ಸಚಿತ್ತಸಂಬಂಧ, ಸಚಿತ್ತಸಮ್ಮಿಶ್ರಗಳ ಜೊತೆಗೆ ‘ಅಭಿಷವ’ ಮತ್ತು ‘ದುಷ್ಪಕ್ವ’ ಎಂಬ ಎರಡನ್ನು ಹೇಳಿದೆ. ಇವುಗಳ ಅರ್ಥವನ್ನು ತಿಳಿಯಲು ಚೀನಾದ ಅಡುಗೆಮನೆಗಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಅಲ್ಲಿ ಸೊಪ್ಪನ್ನು ಉರಿಯುವ ಬಾಣಲೆಯಲ್ಲಿ ಒಂದೆರಡು ನಿಮಿಷ ತಿರುವಿ ಇಳಿಸುತ್ತಾರೆ. ಹೊರಗೆ ಬೆಂದು ಒಳಗೆ ಹಸಿಯಾಗಿರುವುದನ್ನೇ ಅವರು ರುಚಿಯೆಂದು ಎಣಿಸುತ್ತಾರೆ. ಇದು ದುಷ್ಪಕ್ವ. ‘ಚೆನ್ನಾಗಿ ಬೇಯಿಸಿ’ ಎಂಬ ಮಾತೂ ಚೀಟಿಯಲ್ಲಿರಲಿ. ಅಭಿಷವವೆಂದರೆ ಹುಳಿಸಿದ ದ್ರವ, ಉತ್ತೇಜಕ ವಸ್ತು. ಸೋಯಾ ರಸವೂ ಅಕ್ಕಿಯ ಕಪ್ಪು ವಿನೆಗರೂ ತಿಂಗಳುಗಟ್ಟಲೆ ಹುಳಿತು ಆಗುವ ವಸ್ತುಗಳು; ಅಡುಗೆಗೆಂದೇ ಮಾರುವ ಅಕ್ಕಿಯ ಮದ್ಯವಂತೂ ಸಾಕ್ಷಾತ್ ಮದ್ಯವೇ. ಬರಿಯ ಉಪ್ಪು ಹಾಕಿಸಿಕೊಳ್ಳುವುದು ಉತ್ತಮ.

ನೀರಿನ ವಿಷಯದಲ್ಲಿ ಮಾತ್ರ ಚೀನೀಯರ ಪದ್ಧತಿ ನಮಗೆ ಬಹಳ ಅನುಕೂಲ. ಅವರು ತಣ್ಣೀರನ್ನು ಕುಡಿಯುವುದು ಕಡಿಮೆ. ರೈಲಿನಲ್ಲಿಯೂ ನಿಲ್ದಾಣದಲ್ಲಿಯೂ ಬಿಸಿನೀರಿನ ನಲ್ಲಿಗಳಿವೆ. ಆದರೆ ಕುದಿಸುವ ಮೊದಲು ಸೋಸಬೇಕೆಂಬ ನಮ್ಮ ವಿಧಿಯನ್ನು ಆ ನಲ್ಲಿಯು ಪಾಲಿಸದು. ಆದುದರಿಂದ ದಪ್ಪ ಬಟ್ಟೆಯೊಂದನ್ನೂ ಸ್ವಂತ ವಿದ್ಯುತ್ ಕೆಟಲನ್ನೂ ಒಯ್ಯುವುದು ಯೋಗ್ಯ. ಹೋಟೆಲಿನ ಪಾತ್ರೆಯಲ್ಲಿ ಹಿಂದಿನವರು ಏನನ್ನು ಬೇಯಿಸಿದ್ದರೋ ತಿಳಿಯದು. ಸೋಸಿದ ನೀರಿಗೆ 48 ನಿಮಿಷ, ಲವಂಗಾದಿಗಳಿಂದ ಪ್ರಾಸುಕ ಮಾಡಿದುದಕ್ಕೆ 6 ಗಂಟೆ, ಚೆನ್ನಾಗಿ ಕುದಿಸಿದುದಕ್ಕೆ 24 ಗಂಟೆ ಎಂಬ ಮರ್ಯಾದೆಯನ್ನು ವಾಚಕರು ಬಲ್ಲರು. ಬೆಳಿಗ್ಗೆ ಸೋಸಿ ಕುದಿಸಿ ತುಂಬಿಕೊಂಡರೆ ದಿನವಿಡೀ ಚಿಂತೆಯಿಲ್ಲ.

ನಿಜವಾದ ಪರೀಕ್ಷೆ ರಾತ್ರಿಭೋಜನ ತ್ಯಾಗದ್ದು. ಚೀನಾದಲ್ಲೆಲ್ಲ ಬೀಜಿಂಗಿನ ಒಂದೇ ಕಾಲಮಾನ. ಅದು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ದೇಶದ ಪೂರ್ವದ ಅಂಚಿನಲ್ಲಿರುವ ಶಾಂಘೈಯಲ್ಲಿ ಜೂನ್ ಕೊನೆಗೆ ಸೂರ್ಯಾಸ್ತ 7 ಗಂಟೆಯ ಸುಮಾರಿಗೆ. ಡಿಸೆಂಬರಿನ ಮೊದಲಲ್ಲಿ 4-50ರ ಸುಮಾರಿಗೇ. ಎರಡು ಘಳಿಗೆ ಮುಂಚೆ ಮುಗಿಸಬೇಕೆನ್ನುವವನು ಚಳಿಗಾಲದಲ್ಲಿ 4 ಗಂಟೆಗೆ ಕೈತೊಳೆಯಬೇಕು. ಭೋಜನಗೃಹಗಳೋ ಮಧ್ಯಾಹ್ನದ ಊಟ ಮುಗಿಸಿ ಬಾಗಿಲು ಹಾಕಿ, ಸಾಮಾನ್ಯವಾಗಿ 5 ಗಂಟೆಯ ಸುಮಾರಿಗೆ ಮತ್ತೆ ತೆರೆಯುತ್ತವೆ. ವ್ಯಾಪಾರದ ಔತಣಗಳೆಲ್ಲ ರಾತ್ರಿಯವೇ. ಔತಣವನ್ನು ತಿರಸ್ಕರಿಸಬೇಕಾಗಿಲ್ಲ, ಮಧ್ಯಾಹ್ನಕ್ಕೆ ಬದಲಿಸಬೇಕೆಂದು ಮೊದಲೇ ಪತ್ರಮುಖೇನ ತಿಳಿಸಬಹುದು, ಇಲ್ಲವೆ ಕುಳಿತು ಏನನ್ನೂ ಸೇವಿಸದೆ ಮಾತನಾಡಿ ಬರಬಹುದು.

ಹೀಗಾಗಿ ನಾಲ್ಕು ದಿನಕ್ಕಿಂತ ಹೆಚ್ಚು ತಂಗುವವರಿಗೆ ಸ್ವಯಂಪಾಕವೇ ಗತಿ. ಮನೆಯಿಂದ ಹಿಟ್ಟು ಒಯ್ದರೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ ದಾರಿಯಲ್ಲೇ ಸವೆಯುತ್ತದೆ. ಹಸಿ ಹಣ್ಣು, ತರಕಾರಿ, ಹಾಲು, ಬೆಣ್ಣೆಗಳನ್ನು ಆ ದೇಶದ ಸುಂಕದವರು ಒಳಗೆ ಬಿಡುವುದಿಲ್ಲ. ಆದರೆ ಅಕ್ಕಿ ಅಲ್ಲಿ ಎಲ್ಲೆಡೆ ಸಿಕ್ಕುತ್ತದೆ, ಹೆಸರುಕಾಳೂ ಸಿಕ್ಕುತ್ತದೆ. ಬೇಸಿಗೆಯಲ್ಲಿ ಅವರೂ ಅದರ ಪಾನಕ ಮಾಡಿ ಕುಡಿಯುತ್ತಾರೆ. ಚಿಕ್ಕ ವಿದ್ಯುತ್ ಕುಕ್ಕರು, ಉಪ್ಪು, ಮೆಣಸು, ಜೀರಿಗೆಗಳಿದ್ದರೆ ಹುಗ್ಗಿಯಾಯಿತು. ನಮ್ಮ ದುಂಡು ಮುಳ್ಳಿನ ಪ್ಲಗ್ ಅಲ್ಲಿಯ ಗೋಡೆಗೆ ಹೊಂದದಾದ್ದರಿಂದ ಅಡಾಪ್ಟರನ್ನು ಇಲ್ಲಿಂದಲೇ ಕೊಳ್ಳಬೇಕು. ಕಾಳನ್ನು ಬೆಳಕಿನಲ್ಲಿ ಆರಿಸಿ, ಸೋಸಿದ ನೀರಿನಲ್ಲಿ ತೊಳೆದು, ಹಗಲಿನಲ್ಲಿಯೇ ಬೇಯಿಸಬೇಕು. ಅಷ್ಟಮಿ-ಚತುರ್ದಶಿಗಳಲ್ಲಿ ಉಪವಾಸವಿರುವವರು ಮರುದಿನದ ಪಾರಣೆಗೆ ಬೇಕಾದ ಹೆಸರನ್ನು ಹಿಂದಿನ ಹಗಲೇ ಆರಿಸಿಟ್ಟಿರಲಿ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯೋದಯ 6-40ರ ಸುಮಾರಿಗೆ, ಅದಾದ ಎರಡು ಘಳಿಗೆಯ ಮೇಲೆ ಒಲೆ ಹೂಡಿದರೂ ಕೆಲಸಕ್ಕೆ ಹೊರಡುವಷ್ಟರಲ್ಲಿ ಗಂಜಿ ಸಿದ್ಧವಾಗಿರುತ್ತದೆ.