ಫುಲ್, ಫಿನಿಶ್, ಹೋಲ್, ಕಂಪ್ಲೀಟ್: ಎಲ್ಲಾ ಒಂದೇನಾ?

ಇವತ್ತಿನ ಪಾಠ ಸಣ್ಣದು, ಆದರೆ ಮನಸ್ಸಿಟ್ಟು ಕೇಳ್ರಿ. ರಾಯಚೂರು, ದೇವದುರ್ಗ, ಮಾನ್ವಿ ಎಲ್ಲೇ ಹೋದರೂ ನಾವು ದಿನಾ ಫುಲ್ ಅಂತೀವಿ, ಕಂಪ್ಲೀಟ್ ಅಂತೀವಿ. ಎರಡೂ ಒಂದೇ ಅಂದುಕೊಂಡಿದ್ದೀವಿ. ಅಲ್ಲ.

ಫುಲ್ ಅಂದರೆ ತುಂಬಿದ್ದು. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ಸೀಮೆ ದಾಟಿ ಮಾನ್ವಿ, ರಾಯಚೂರಿನ ಕಡೆ ಬರ್ತದೆ. ಮೇಲ್ಗಡೆ ಕಾಲುವೆ ಫುಲ್ ಇರಬಹುದು. ಆದರೆ ಕೊನೆ ಭಾಗದ ರೈತನ ಹೊಲಕ್ಕೆ ನೀರು ಮುಟ್ಟದಿದ್ದರೆ ಆ ಕೆಲಸ ಕಂಪ್ಲೀಟ್ ಅನ್ನಬಹುದಾ? ಇಲ್ಲ. ಕಂಪ್ಲೀಟ್ ಅಂದರೆ ಬೇಕಾದ ಭಾಗ ಎಲ್ಲಾ ಇರಬೇಕು, ಏನೂ ಉಳೀಬಾರದು.

ಫಿನಿಶ್ ಅಂದರೆ ಮುಗೀತು. ಡಬ್ಬಿಯೊಳಗಿನ ಜೋಳದ ಹಿಟ್ಟು ಫಿನಿಶ್ ಆಯ್ತು ಅಂದರೆ ಡಬ್ಬಿ ಖಾಲಿ. ಅದನ್ನ ಯಾರೂ ಕಂಪ್ಲೀಟ್ ಆಯ್ತು ಅನ್ನಲ್ಲ. ಹೋಲ್ ಅಂದರೆ ಮುರಿಯದೆ ಇಡೀ ಇರೋದು, ಇಡೀ ರೊಟ್ಟಿ ಇದ್ದಂಗೆ. ಗಮನಿಸ್ರಿ, ವಾಸಿ ಮಾಡು ಅನ್ನೋ ಹೀಲ್ ಪದ, ಈ ಹೋಲ್ ಪದ, ಇಂಗ್ಲಿಷಿನಲ್ಲಿ ಎರಡೂ ಒಂದೇ ಬೇರಿನಿಂದ ಬಂದವು.

ಯಾಕೋಬನ ಪತ್ರಿಕೆ 1:4 ತೆಗೀರಿ. ಅಲ್ಲಿ ಗ್ರೀಕಿನಲ್ಲಿ ಎರಡು ಪದ ಪಕ್ಕಪಕ್ಕದಲ್ಲೇ ಇವೆ. ಒಂದು ಟೆಲೆಯೋಸ್, ಅಂದರೆ ಗುರಿ ಮುಟ್ಟಿದ್ದು, ಬಲಿತದ್ದು. ಇಂಗ್ಲಿಷಿನವರು ಇದನ್ನೇ ಪರ್ಫೆಕ್ಟ್ ಅಂದರು. ನಾವು ಪರ್ಫೆಕ್ಟ್ ಅಂದ ಕೂಡಲೇ ತಪ್ಪೇ ಮಾಡದವನು ಅಂತ ಹೆದರ್ತೀವಿ. ಆದರೆ ತೆನೆ ಬಲಿಯೋದನ್ನ ನೆನೆಸ್ರಿ, ಅರ್ಥ ಆಗ್ತದೆ. ಇನ್ನೊಂದು ಹೊಲೊಕ್ಲೇರೋಸ್, ಯಾವ ಭಾಗವೂ ಕಮ್ಮಿ ಇಲ್ಲದ್ದು. ಅಪೊಸ್ತಲರ ಕೃತ್ಯಗಳು 3:16ರಲ್ಲಿ, ಹುಟ್ಟುಕುಂಟ ಎದ್ದು ನಡೆದ ಮೇಲೆ ಅವನ ಸ್ವಸ್ಥತೆಗೆ ಬಳಸಿದ್ದು ಇದೇ ಬೇರಿನ ಪದ.

ಇದೆಲ್ಲಾ ಪದಗಳ ವಿಷಯ, ನಮಗೇನು ಅನ್ನಬೇಡ್ರಿ. ಟಿಬಿ ಚಿಕಿತ್ಸೆಯ ಲೆಕ್ಕದಲ್ಲಿ ಎರಡು ಬೇರೆ ಮಾತುಗಳಿವೆ. ಗುಳಿಗೆ ಕೊನೆ ತನಕ ನುಂಗಿದವರು ಟ್ರೀಟ್‌ಮೆಂಟ್ ಕಂಪ್ಲೀಟೆಡ್. ಮೊದಲು ಕಫದಲ್ಲಿ ರೋಗಾಣು ಕಂಡು, ಕೊನೆಯ ಪರೀಕ್ಷೆಯಲ್ಲಿ ಇಲ್ಲ ಅಂತ ಬಂದರೆ ಮಾತ್ರ ಕ್ಯೂರ್ಡ್. ಸಾಮಾನ್ಯ ಟಿಬಿಗೆ 6 ತಿಂಗಳ ಗುಳಿಗೆ. ಎರಡು ತಿಂಗಳಿಗೇ ಕೆಮ್ಮು ನಿಲ್ತದೆ, ಮೈ ಹಗುರ ಆಗ್ತದೆ, ಹೊಟ್ಟೆತುಂಬಾ ಊಟ ಸೇರ್ತದೆ. ಆಗ ಎಷ್ಟೋ ಜನ ಎಲ್ಲಾ ಸರಿಹೋಯ್ತು ಅಂತ ಗುಳಿಗೆ ಬಿಡ್ತಾರೆ. ಉಳಿದ ರೋಗಾಣು ಔಷಧಿಗೂ ಬಗ್ಗದಂಗೆ ಗಟ್ಟಿಯಾಗಿ ತಿರುಗಿ ಬರಬಹುದು. ಹೊಟ್ಟೆ ಫುಲ್ ಇರಬಹುದು, ಚಿಕಿತ್ಸೆ ಕಂಪ್ಲೀಟ್ ಆಗಿಲ್ಲ!

ಪ್ರಾರ್ಥನೆ ಮಾಡ್ರಿ, ಗುಳಿಗೆನೂ ನುಂಗ್ರಿ. ಒಂದಕ್ಕೊಂದು ವಿರೋಧ ಇಲ್ಲ. ನಿಮ್ಮ ಮನೇಲಿ, ನಿಮ್ಮ ಓಣಿಯಲ್ಲಿ ಯಾರಾದರೂ ನಡುವೆ ಬಿಟ್ಟಿದ್ದರೆ ಇವತ್ತೇ ಹೋಗಿ ಮಾತಾಡಿಸ್ರಿ, ಸರ್ಕಾರಿ ಆಸ್ಪತ್ರೆಗೆ ಜೊತೆಗೆ ಹೋಗ್ರಿ. ಅಲ್ಲಿ ಈ ಗುಳಿಗೆಗೆ ದುಡ್ಡು ಕೊಡಬೇಕಿಲ್ಲ. ನಡುವೆ ನಿಂತವರನ್ನ ಕೊನೆ ತನಕ ಮುಟ್ಟಿಸೋಣ. ಆಮೆನ್.