ನಮ್ಮ ಹಿರಿಯರನ್ನು ಅರಿಯುವುದು: ದಾಕ್ಷಾಯಣಿ ವೇಲಾಯುಧನ್ ಅವರ ಬಾಳು ಮತ್ತು ಬಳಗ

ವಿದ್ಯಾರ್ಥಿಮಿತ್ರರೆ, ನಿಮ್ಮ ತಾತನ ಹೆಸರೇನೆಂದು ಕೇಳಿದರೆ ನೀವು ಕೂಡಲೆ ಹೇಳುವಿರಿ. ಮುತ್ತಾತನ ಹೆಸರನ್ನು ಕೇಳಿದರೆ ಒಂದು ಗಳಿಗೆ ಯೋಚಿಸಿ ಹೇಳಬಹುದು. ಆದರೆ ನಿಮ್ಮ ಅಜ್ಜಿಯ ತಾಯಿಯ ಹೆಸರೇನು? ಆಕೆ ಯಾವ ಊರಿನಲ್ಲಿ ಹುಟ್ಟಿದಳು? ಆಕೆಗೆ ಓದು ಬರಹ ಬರುತ್ತಿದ್ದಿತೆ? ಈ ಪ್ರಶ್ನೆಗಳಿಗೆ ತರಗತಿಯಲ್ಲಿ ಬಹುಮಂದಿ ಮೌನವಾಗಿರುವರು. ಇದು ನಿಮ್ಮ ತಪ್ಪಲ್ಲ. ಹೊಲಮನೆಗಳ ಕಾಗದಪತ್ರಗಳಲ್ಲಿಯೂ ಲೆಕ್ಕದ ಪುಸ್ತಕಗಳಲ್ಲಿಯೂ ಹೆಚ್ಚಾಗಿ ಗಂಡಸರ ಹೆಸರುಗಳೇ ಇರುವುವು. ಹೆಂಗಸರ ಬಾಳು ಬಾಯಿಂದ ಬಾಯಿಗೆ ಬಂದುದು. ಹೇಳುವ ಬಾಯಿ ಮುಚ್ಚಿದೊಡನೆ ಅದೂ ಮರೆಯಾಗುತ್ತದೆ. ಇನ್ನು ಹೊಲವೂ ಇಲ್ಲದೆ, ಓದುವ ಹಕ್ಕೂ ಇಲ್ಲದೆ ಬಾಳಿದ ಮನೆಗಳ ಹೆಂಗಸರನ್ನು ಕುರಿತು ಹೇಳಬೇಕಾದುದೇನು? ಕಾಗದದಲ್ಲಿ ಅವರ ಸುಳಿವೇ ಸಿಕ್ಕುವುದು ದುರ್ಲಭ.

ಹಾಗಾದರೆ ಅಂತಹ ಒಬ್ಬ ಹಿರಿಯಳ ಬಾಳನ್ನು ಅರಸುವುದು ಹೇಗೆ? ಇದನ್ನು ಬರಿಯ ಮಾತಿನಲ್ಲಿ ವಿವರಿಸುವುದಕ್ಕಿಂತ ಒಂದು ಉದಾಹರಣೆಯಿಂದ ತಿಳಿಯುವುದು ಲೇಸು. ಅದಕ್ಕಾಗಿ ನಾವು ನೆರೆಯ ಕೇರಳಕ್ಕೆ ಹೋಗಿ ಬರೋಣ. ನಾವು ಅರಸಬೇಕಾದ ಹಿರಿಯಳ ಹೆಸರು ದಾಕ್ಷಾಯಣಿ ವೇಲಾಯುಧನ್. ಭಾರತದ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಕುಳಿತಿದ್ದ ಏಕೈಕ ದಲಿತ ಮಹಿಳೆ ಈಕೆ.

ಮೊದಲು ಅರಸಬೇಕಾದುದು ಸ್ಥಳವನ್ನು. ಮನುಷ್ಯನು ಹುಟ್ಟಿದ ನೆಲವನ್ನು ತಿಳಿದರೆ ಅವನ ಬಾಳು ಅರ್ಧ ತಿಳಿದಂತೆ. ಇಂದಿನ ಕೇರಳವು 1956ರ ನವೆಂಬರ್ 1ರಂದು ರೂಪುಗೊಂಡಿತು. ಕನ್ನಡ ನಾಡು ಒಂದಾದುದೂ ಅದೇ ದಿನ. ಅದಕ್ಕೆ ಮೊದಲು ಕೊಚ್ಚಿಯೂ ತಿರುವಾಂಕೂರೂ ಬೇರೆ ಬೇರೆ ಅರಸರ ಸೀಮೆಗಳಾಗಿದ್ದುವು; 1949ರಲ್ಲಿ ಅವೆರಡೂ ಕೂಡಿದುವು. ತಿರುವನಂತಪುರವು ತಿರುವಾಂಕೂರಿನ ರಾಜಧಾನಿ. ಕೊಚ್ಚಿಯ ಎರ್ಣಾಕುಳಂ ಪಟ್ಟಣದ ಎದುರಿಗೆ ಹಿನ್ನೀರಿನ ನಡುವೆ ಮುಳವುಕಾಡು ಎಂಬ ದ್ವೀಪವಿದೆ. ಡಚ್ಚರು 1744ರಲ್ಲಿ ಕಟ್ಟಿಸಿದ ಬೋಲ್ಗಾಟ್ಟಿ ಅರಮನೆಯು ಈ ದ್ವೀಪದ ಒಂದು ತುದಿಯಲ್ಲಿದೆ. ಅರಮನೆಯಿದ್ದ ಆ ದ್ವೀಪದಲ್ಲಿಯೇ ಪುಲಯರೆಂಬ ಜನರ ಗುಡಿಸಲುಗಳೂ ಇದ್ದುವು. ಗದ್ದೆಗಳಲ್ಲಿ ದುಡಿದು ನಾಡಿಗೆ ಅನ್ನವಿಕ್ಕಿದ ಈ ಜನರು ದಾರಿಯಲ್ಲಿ ಮೇಲುಜಾತಿಯವರು ಎದುರಾದರೆ ದೂರ ಸರಿದು ನಿಲ್ಲಬೇಕಾಗಿತ್ತು. ಸಾರ್ವಜನಿಕ ಬೀದಿ, ಕೆರೆ, ಶಾಲೆ, ಗುಡಿ ಇವೊಂದೂ ಅವರಿಗೆ ತೆರೆದಿರಲಿಲ್ಲ. ಇಂತಹ ಜನರಲ್ಲಿ 1912ರ ಜುಲೈ 4ರಂದು ದಾಕ್ಷಾಯಣಿ ಹುಟ್ಟಿದಳು.

ಎರಡನೆಯದಾಗಿ ಹೆಸರನ್ನು ಗಮನಿಸಬೇಕು. ದಾಕ್ಷಾಯಣಿ ಎಂಬ ಹೆಸರು ನಮಗೆ ಹೊಸದಲ್ಲ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಅದು ದೊರೆಯುವುದು. ದಕ್ಷನ ಮಗಳಾದ ದೇವಿಗೆ ಆ ಹೆಸರು. ಆದರೆ ಆ ಕಾಲದ ಕೊಚ್ಚಿಯಲ್ಲಿ ಪುಲಯರ ಹೆಣ್ಣುಮಕ್ಕಳಿಗೆ ಅಳಗಿ, ಪೂಮಾಲ, ಚಕ್ಕಿ, ಕಾಳಿ, ಕುರುಂಬ ಎಂಬ ಹೆಸರುಗಳೇ ರೂಢಿಯಲ್ಲಿದ್ದುವು. ಪುರಾಣದ ದೇವಿಯರ ಹೆಸರು ಮೇಲುಜಾತಿಯವರ ಸೊತ್ತು ಎಂದು ತಿಳಿಯಲಾಗುತ್ತಿತ್ತು. ಅಂತಹ ಕಾಲದಲ್ಲಿ ತಂದೆ ಕುಂಞನ್, ತಾಯಿ ಮಾಣಿ ಇವರು ತಮ್ಮ ಕೂಸಿಗೆ ದಾಕ್ಷಾಯಣಿ ಎಂದು ಹೆಸರಿಟ್ಟರು. ಆ ಒಂದು ಹೆಸರಿನಲ್ಲಿ ಎಷ್ಟು ಧೈರ್ಯವಿದ್ದಿತೆಂಬುದನ್ನು ನೀವೇ ಊಹಿಸಿಕೊಳ್ಳಿ. ನಿಮ್ಮ ಮನೆಯ ಹಿರಿಯರ ಹೆಸರುಗಳನ್ನೂ ಹೀಗೆಯೇ ವಿಚಾರಿಸಿ ನೋಡಿ. ಯಾವ ಹೆಸರು ಯಾವಾಗ ಮನೆಗೆ ಬಂದಿತು, ಏಕೆ ಬಂದಿತು ಎಂಬುದರಲ್ಲಿ ಒಂದು ಚರಿತ್ರೆಯೇ ಅಡಗಿರುತ್ತದೆ.

ಮೂರನೆಯದು ಬಳಗ. ಒಬ್ಬ ವ್ಯಕ್ತಿ ಒಂಟಿಯಾಗಿ ಮೇಲೇಳುವುದು ಅಪರೂಪ. ಹಿಂದೆ ಮನೆಯವರ ಒತ್ತಾಸೆ ಇದ್ದೇ ಇರುವುದು. ಈಕೆಯ ಬಳಗದಲ್ಲಿ ಕೃಷ್ಣಾದಿ ಆಶಾನ್ ಎಂಬ ಹಿರಿಯರಿದ್ದರು. ಪುಲಯರು ಒಂದೆಡೆ ಸೇರಿ ತಮ್ಮ ಕಷ್ಟಗಳನ್ನು ಕುರಿತು ಮಾತನಾಡಬೇಕೆಂದು ಅವರೂ, ಕವಿಗಳಾದ ಪಂಡಿತ ಕರುಪ್ಪನ್ ಅವರೂ ಯತ್ನಿಸಿದರು. ಆದರೆ ಸಭೆ ಸೇರಲು ನೆಲವೆಲ್ಲಿ? ಅರಸನ ನೆಲದಲ್ಲಿ ಅವರು ಕೂಡುವಂತಿರಲಿಲ್ಲ. ಆಗ ಅವರಿಗೆ ಒಂದು ಉಪಾಯ ಹೊಳೆಯಿತು. ನೆಲ ಅರಸನದಾದರೆ ನೀರು ಯಾರದು? 1913ರಲ್ಲಿ ಅವರು ಎರ್ಣಾಕುಳದ ಹಿನ್ನೀರಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿ, ಮೇಲೆ ಹಲಗೆಗಳನ್ನು ಹಾಸಿ, ನೀರಿನ ಮೇಲೆಯೇ ಸಭೆ ನಡೆಸಿದರು! ಮಲಯಾಳದಲ್ಲಿ ಹಿನ್ನೀರಿಗೆ ಕಾಯಲ್ ಎನ್ನುವರು. ಆದುದರಿಂದ ಈ ಸಭೆಯು ಕಾಯಲ್ ಸಮ್ಮೇಳನವೆಂದು ಹೆಸರಾಯಿತು. ಆಗ ದಾಕ್ಷಾಯಣಿಗೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಆದರೆ ಆ ಕಥೆಯನ್ನು ಕೇಳುತ್ತಲೇ ಆಕೆ ಬೆಳೆದಳು. ಮನೆಯ ಗಂಡಸರು ಕೂದಲನ್ನು ಕತ್ತರಿಸಿಕೊಂಡು ಅಂಗಿ ತೊಟ್ಟರು. ಪುಲಯರ ಹೆಂಗಸರು ಎದೆಯ ಮೇಲೆ ಬಟ್ಟೆ ಹೊದೆಯಲಾಗದಿದ್ದ ಆ ದಿನಗಳಲ್ಲಿ ಮೇಲುವಸ್ತ್ರ ಧರಿಸಿ ನಡೆದ ಮೊದಲ ಹುಡುಗಿಯರಲ್ಲಿ ದಾಕ್ಷಾಯಣಿ ಒಬ್ಬಳೆಂದು ಹೇಳುವರು.

ನಾಲ್ಕನೆಯದು ಶಾಲೆಯ ದಾಖಲೆ. ಇದು ಬಲು ಮುಖ್ಯವಾದ ಸಾಧನ. ಕೊಚ್ಚಿ ಸರಕಾರದ ವಿದ್ಯಾರ್ಥಿವೇತನದಿಂದ ಓದಿ ದಾಕ್ಷಾಯಣಿಯವರು 1935ರಲ್ಲಿ ಎರ್ಣಾಕುಳದ ಮಹಾರಾಜಾ ಕಾಲೇಜಿನಿಂದ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು. ಭಾರತದಲ್ಲಿಯೇ ಪರಿಶಿಷ್ಟ ಜಾತಿಗಳಿಂದ ಬಂದ ಮೊದಲ ಪದವೀಧರೆ ಅವರೆಂದು ಪ್ರಸಿದ್ಧಿ. ದಾಖಲೆ ಹೇಳುವುದು ಇಷ್ಟೆ. ಆದರೆ ಮನೆಯ ನೆನಪು ಇನ್ನೂ ಒಂದು ಮಾತನ್ನು ಕೂಡಿಸುತ್ತದೆ. ಪ್ರಯೋಗಶಾಲೆಯಲ್ಲಿ ಅವರನ್ನು ಹತ್ತಿರಕ್ಕೆ ಕರೆದು ಪ್ರಯೋಗವನ್ನು ತೋರಿಸುತ್ತಿರಲಿಲ್ಲವಂತೆ. ಆಕೆ ದೂರದಲ್ಲಿ ನಿಂತು, ನೋಡಿ ನೋಡಿಯೇ ಕಲಿತರಂತೆ. ಕಾಗದದ ದಾಖಲೆ ಏನು ನಡೆಯಿತೆಂಬುದನ್ನು ಹೇಳಿದರೆ, ಮನೆಯ ನೆನಪು ಅದು ಹೇಗೆ ನಡೆಯಿತೆಂಬುದನ್ನು ಹೇಳುತ್ತದೆ. ಚರಿತ್ರೆಯನ್ನು ಅರಸುವವನಿಗೆ ಇವೆರಡೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಒಕ್ಕಣ್ಣಿನಿಂದ ನೋಡಿದಂತೆ.

ದಾಕ್ಷಾಯಣಿಯವರು ಮದರಾಸಿನಲ್ಲಿ ಶಿಕ್ಷಕ ತರಬೇತಿಯನ್ನೂ ಪಡೆದರು; 1935ರಿಂದ 1945ರ ವರೆಗೆ ತ್ರಿಶೂರು ಮತ್ತು ತೃಪ್ಪೂಣಿತ್ತುರದ ಸರಕಾರೀ ಪ್ರೌಢಶಾಲೆಗಳಲ್ಲಿ ಪಾಠ ಹೇಳಿದರು. ಆ ಕಾಲದ ಒಂದು ಪ್ರಸಂಗವನ್ನು ಅವರ ಮನೆಯವರು ಹೇಳುತ್ತಾರೆ. ಶಾಲೆಗೆ ಹೋಗುವ ದಾರಿ ಗದ್ದೆಯ ಬದುವಿನ ಮೇಲಿತ್ತು. ಒಂದು ದಿನ ಎದುರಿನಿಂದ ಮೇಲುಜಾತಿಯ ಹೆಂಗಸೊಬ್ಬಳು ಬಂದು, ಗದ್ದೆಗೆ ಇಳಿದು ದಾರಿ ಬಿಡುವಂತೆ ಹೇಳಿದಳು. ಉಪಾಧ್ಯಾಯಿನಿ ಇಳಿಯಲಿಲ್ಲ; ಬಯ್ಯಲೂ ಇಲ್ಲ. ಸುಮ್ಮನೆ ಬದುವಿನ ಮೇಲೆಯೇ ನಿಂತರು. ಕೊನೆಗೆ ಎದುರು ಬಂದವಳೇ ಕೆಸರಿಗೆ ಇಳಿದು ಹೋಗಬೇಕಾಯಿತು. ಬದು ಒಂದು ಗೇಣಿನದಿರಬಹುದು. ಆದರೆ ಅಂದು ಅಲ್ಲಿ ಗೆದ್ದುದು ಒಂದು ಗೇಣಿನ ನೆಲವಲ್ಲ.

ಇಲ್ಲಿ ಸ್ವಲ್ಪ ನಿಂತು ತಿರುವನಂತಪುರದ ಕಡೆಗೂ ನೋಡೋಣ. ಆ ನಗರಕ್ಕೆ ಸಮೀಪದ ವೆಂಙಾನೂರಿನಲ್ಲಿ 1863ರಲ್ಲಿ ಅಯ್ಯನ್‌ಕಾಳಿ ಎಂಬ ಮಹಾಪುರುಷರು ಪುಲಯರಲ್ಲಿ ಹುಟ್ಟಿದರು. ತಮ್ಮವರಿಗೆ ನಡೆಯಲೂ ಅವಕಾಶವಿಲ್ಲದ ಬೀದಿಯಲ್ಲಿ 1893ರಲ್ಲಿ ಅವರು ಎತ್ತಿನ ಗಾಡಿಯೇರಿ ಹೋದರು. ತಮ್ಮ ಜನರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದ ಹೊರತು ಗದ್ದೆಯಲ್ಲಿ ದುಡಿಯುವುದಿಲ್ಲವೆಂದು ಮುಷ್ಕರವನ್ನೂ ಹೂಡಿಸಿದರು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಊರೂಟ್ಟಂಬಲಂ ಎಂಬ ಊರಿನ ಶಾಲೆಗೆ ಅವರು ಪಂಚಮಿ ಎಂಬ ಪುಟ್ಟ ಹುಡುಗಿಯನ್ನು ಕೈಹಿಡಿದು ಕರೆದುಕೊಂಡು ಹೋದರು. ಆಕೆ ಕುಳಿತ ಶಾಲೆಗೆ ವಿರೋಧಿಗಳು ಬೆಂಕಿಯಿಟ್ಟರು! ಸುಟ್ಟ ಶಾಲೆಯಲ್ಲಿ ಉಳಿದ ಒಂದು ಬೆಂಚನ್ನು ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಕೇರಳ ಸರಕಾರವು 2022ರಲ್ಲಿ ಆ ಶಾಲೆಗೆ ಅಯ್ಯನ್‌ಕಾಳಿ ಮತ್ತು ಪಂಚಮಿ ಇವರಿಬ್ಬರ ಹೆಸರನ್ನಿಟ್ಟಿತು. ದಾಕ್ಷಾಯಣಿಯ ಮಾತುಗಳು ಅಚ್ಚಿನಲ್ಲಿ ಉಳಿದುವು. ಪಂಚಮಿಯ ಗುರುತಾಗಿ ಉಳಿದುದು ಒಂದು ಕರಿಹಿಡಿದ ಬೆಂಚು. ಹಿರಿಯರ ಚರಿತ್ರೆಯನ್ನು ಅರಸುವವನು ಪುಸ್ತಕವನ್ನು ಮಾತ್ರವಲ್ಲ, ಬೆಂಚನ್ನೂ ಓದಲು ಕಲಿಯಬೇಕು.

ನಮ್ಮ ಸೀಮೆಯಲ್ಲಿಯೂ ಇಂತಹ ಯತ್ನ ನಡೆಯದೆ ಇರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು, ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನೂ ಸಹಿಸಿದರು. ಆ ಶಾಲೆಯಲ್ಲಿ ಮೊದಲು ಅಕ್ಷರ ತಿದ್ದಿದ ಹುಡುಗಿಯರು ಇಂದು ಯಾರ ಯಾರ ಅಜ್ಜಿಯರೋ ಮುತ್ತಜ್ಜಿಯರೋ ಆಗಿರುವರು.

ಐದನೆಯ ಸಾಧನ ಸಭೆಗಳ ನಡವಳಿಕೆಯ ಪುಸ್ತಕ. ದಾಕ್ಷಾಯಣಿಯವರು 1945ರಲ್ಲಿ ಕೊಚ್ಚಿಯ ಶಾಸನ ಸಭೆಗೆ ಸದಸ್ಯರಾದರು. ಮರುವರ್ಷ ಮದರಾಸು ಪ್ರಾಂತದಿಂದ ಸಂವಿಧಾನ ಸಭೆಗೆ ಆಯ್ಕೆಯಾದರು. ಆಗ ಅವರ ವಯಸ್ಸು 34. ಆ ದೊಡ್ಡ ಸಭೆಯಲ್ಲಿ ಹೆಂಗಸರು ಕೇವಲ 15 ಮಂದಿ. ತಿರುವನಂತಪುರದಲ್ಲಿ ಹುಟ್ಟಿದ ಆನಿ ಮಸ್ಕರೇನ್ ಅವರೂ ಆ ಹದಿನೈದರಲ್ಲಿ ಒಬ್ಬರು. ಸಂವಿಧಾನ ಸಭೆಯ ಚರ್ಚೆಗಳು 12 ಸಂಪುಟಗಳಲ್ಲಿ ಅಚ್ಚಾಗಿವೆ. ಅಲ್ಲಿ ದಾಕ್ಷಾಯಣಿಯವರ ಮಾತನ್ನು ನಾವು ಇಂದಿಗೂ ಓದಬಹುದು. 1946ರ ಡಿಸೆಂಬರ್ 19ರಂದು ಮಾತನಾಡುತ್ತ ಅವರು, ತಮ್ಮ ಜನರಿಗೆ ಪ್ರತ್ಯೇಕ ಮತಕ್ಷೇತ್ರಗಳಿಗಿಂತ ಸಾಮಾಜಿಕ ಅನರ್ಹತೆಗಳ ನಿವಾರಣೆ ಮುಖ್ಯವೆಂದರು. ದೊಡ್ಡವರ ಅಭಿಪ್ರಾಯವನ್ನು ಒಪ್ಪದಿದ್ದಾಗ ಅದನ್ನು ಸಭೆಯಲ್ಲಿ ನೇರವಾಗಿ ಹೇಳಲು ಅವರು ಹಿಂಜರಿಯಲಿಲ್ಲ. 1948ರ ನವೆಂಬರ್ 29ರಂದು ಅಸ್ಪೃಶ್ಯತೆಯನ್ನು ತೊಡೆದುಹಾಕುವ ವಿಧಿಯನ್ನು ಸಭೆಯು ಅಂಗೀಕರಿಸಿತು. ಇಂದಿನ ಸಂವಿಧಾನದ 17ನೆಯ ವಿಧಿ ಅದೇ. ಅಂದು ದಾಕ್ಷಾಯಣಿಯವರು ಹೇಳಿದುದರ ತಾತ್ಪರ್ಯವಿಷ್ಟು: ಸಂವಿಧಾನದ ಸಫಲತೆ ಕಾನೂನಿನ ಜಾರಿಗಿಂತ ಹೆಚ್ಚಾಗಿ ಮುಂದೆ ಜನರು ನಡೆದುಕೊಳ್ಳುವ ರೀತಿಯನ್ನು ಅವಲಂಬಿಸಿದೆ. ಬದುವಿನ ಮೇಲೆ ನಿಂತಿದ್ದ ಉಪಾಧ್ಯಾಯಿನಿಗೆ ಈ ಸತ್ಯ ಪುಸ್ತಕದಿಂದ ತಿಳಿದುದಲ್ಲ.

ಕೊನೆಯ ಸಾಧನ ಮಕ್ಕಳು. ದಾಕ್ಷಾಯಣಿಯವರ ಮದುವೆ 1940ರಲ್ಲಿ ವಾರ್ಧಾ ಬಳಿಯ ಸೇವಾಗ್ರಾಮದಲ್ಲಿ, ಗಾಂಧೀಜಿ ಮತ್ತು ಕಸ್ತೂರಬಾ ಇವರ ಸಮ್ಮುಖದಲ್ಲಿ ನಡೆಯಿತು. ಪುರೋಹಿತರಾಗಿದ್ದವರು ಒಬ್ಬ ಕುಷ್ಠರೋಗಿ. ವರ ಆರ್. ವೇಲಾಯುಧನ್, ಮುಂದೆ ಅವರೂ ಪಾರ್ಲಿಮೆಂಟಿನ ಸದಸ್ಯರಾದರು. ದಂಪತಿಗಳಿಗೆ ಐವರು ಮಕ್ಕಳು. 1971ರಲ್ಲಿ ದಾಕ್ಷಾಯಣಿಯವರು ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಆದರೂ ಸಾರ್ವಜನಿಕ ಸೇವೆಯನ್ನು ಬಿಡದೆ ದಿಲ್ಲಿಯಲ್ಲಿ ಪೌರಕಾರ್ಮಿಕ ಹೆಂಗಸರ ನಡುವೆ ಕೆಲಸ ಮಾಡಿದರು. ತಮ್ಮ ಬಾಳಿನ ಕಥೆಯನ್ನು ತಾವೇ ಬರೆಯಲು ತೊಡಗಿದರು, ಅದು ಪೂರ್ತಿಯಾಗಲಿಲ್ಲ. 1978ರ ಜುಲೈ 20ರಂದು ಅವರು ತೀರಿಕೊಂಡರು. ಮಗಳು ಮೀರಾ ವೇಲಾಯುಧನ್ ಇತಿಹಾಸವನ್ನು ಅಭ್ಯಸಿಸಿದವರು. ತಾಯಿ ಬರೆದಿಟ್ಟುದನ್ನೂ ಮನೆಯಲ್ಲಿ ಕೇಳಿದುದನ್ನೂ ಅವರು ಲೋಕಕ್ಕೆ ತಿಳಿಸಿದರು. ದೋಣಿಯ ಮೇಲಿನ ಸಭೆಯ ಕಥೆಯೂ ಬದುವಿನ ಕಥೆಯೂ ನಮ್ಮವರೆಗೆ ಬಂದುದರಲ್ಲಿ ಆ ಮಗಳ ಶ್ರಮವೂ ಇದೆ. ತಾಯಿ ನಿಲ್ಲಿಸಿದಲ್ಲಿಂದ ಮಗಳು ಮುಂದುವರಿಸದಿದ್ದರೆ ಇದರಲ್ಲಿ ಎಷ್ಟೋ ಭಾಗ ಕಳೆದುಹೋಗುತ್ತಿದ್ದಿತು.

ಮಿತ್ರರೆ, ಇಂದು ಮುಳವುಕಾಡಿಗೆ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗಬಹುದು. ಯಾರ ಮುಂದೆಯೂ ಯಾರೂ ಗದ್ದೆಗೆ ಇಳಿಯಬೇಕಾಗಿಲ್ಲವೆಂದು ನಮ್ಮ ಸಂವಿಧಾನ ಹೇಳುತ್ತದೆ. ಆ ಮಾತು ನಡತೆಯಲ್ಲಿ ನಿಜವಾಗುವುದೂ ಬಿಡುವುದೂ ನಮ್ಮ ಕೈಯಲ್ಲಿದೆ. ಆದರೆ ಅದಕ್ಕೆ ಮೊದಲು, ಅಂದು ಇಳಿಯದೆ ನಿಂತವರು ಯಾರೆಂಬುದನ್ನು ನಾವು ತಿಳಿದಿರಬೇಕು. ಅಂತಹವರು ಎಲ್ಲ ಮನೆಗಳಲ್ಲಿಯೂ ಇದ್ದರು. ನಿಮ್ಮ ಮನೆಯಲ್ಲಿ ಮೊದಲು ಸ್ಲೇಟು ಹಿಡಿದ ಹೆಣ್ಣುಮಗಳು ಯಾರು? ಆಕೆಯನ್ನು ಶಾಲೆಗೆ ಕಳುಹಿಸಿದವರು ಯಾರು? ತಡೆದವರು ಯಾರು? ಈ ಸಂಜೆಯೇ ಅಜ್ಜಿಯ ಬಳಿ ಕುಳಿತು ಕೇಳಿರಿ. ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ತಡಮಾಡಬೇಡಿ, ಹೇಳುವವರು ಎಂದೆಂದಿಗೂ ನಮ್ಮೊಡನೆ ಇರುವುದಿಲ್ಲ.

ಅಭ್ಯಾಸ

1. ಕಾಯಲ್ ಸಮ್ಮೇಳನವನ್ನು ನೀರಿನ ಮೇಲೆ ನಡೆಸಲು ಕಾರಣವೇನು?

2. ದಾಕ್ಷಾಯಣಿ ಎಂಬ ಹೆಸರನ್ನಿಟ್ಟುದರಲ್ಲಿ ಧೈರ್ಯವಿದ್ದಿತೆಂದು ಹೇಳಲು ಕಾರಣವೇನು?

3. ಕಾಗದದ ದಾಖಲೆಗೂ ಮನೆಯ ನೆನಪಿಗೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯೊಡನೆ ವಿವರಿಸಿರಿ.

4. ನಿಮ್ಮ ತಾಯಿ, ಅಜ್ಜಿ, ಮುತ್ತಜ್ಜಿ ಇವರ ಹೆಸರು, ಹುಟ್ಟಿದ ಊರು, ಓದು, ಮಾಡಿದ ಕೆಲಸ ಇವುಗಳನ್ನು ವಿಚಾರಿಸಿ ಒಂದು ಪುಟದಲ್ಲಿ ಬರೆಯಿರಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಕೆಳಗೆ ನಮೂದಿಸಿರಿ.