ಮಳಿಗೆ ಯಾರದ್ದು? ಅಡ್ವಾನ್ಸ್ ಕೊಡುವ ಮೊದಲು ಕೇಳಿ

ಶ್ರೀರಂಗಪಟ್ಟಣದಲ್ಲಿ ಮಳಿಗೆ ಹಿಡಿದು ಕೈ ಸುಟ್ಟುಕೊಂಡವರು ವಕೀಲರ ಬಳಿಗೆ ಬರುವ ಹೊತ್ತಿಗೆ ಅಂಗಡಿಯ ಬೀಗ ಬದಲಾಗಿರುತ್ತದೆ. ಅಡ್ವಾನ್ಸ್ ಹೋಗಿರುತ್ತದೆ. ಸಾಲ ಮಾಡಿ ತಂದ ಫ್ರಿಜ್ಜು, ಹಾಕಿಸಿದ ರ‍್ಯಾಕು, ಸಾಮಾನು ಎಲ್ಲ ಒಳಗೇ ಉಳಿದಿರುತ್ತದೆ. ಕೈಯಲ್ಲಿ ಮಾತ್ರ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನ ಮಾಡಿದ ಒಂದು ಛಾಪಾ ಕಾಗದ. "ಬಾಂಡ್ ಪೇಪರ್ ಮೇಲೆ ಬರ್ಸಿವ್ನಿ ಸಾ, ನೋಟರೀನೂ ಆಗದೆ" ಎನ್ನುತ್ತಾರೆ. ಓದಿ ನೋಡಿದರೆ, ಬರೆದುಕೊಟ್ಟವನಿಗೇ ಆ ಮಳಿಗೆಯ ಮೇಲೆ ಹಕ್ಕಿಲ್ಲ.

ಹೀಗೆ ಬರುವವರು ಹೆಚ್ಚಾಗಿ ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳ ಜನ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರು. ಕಬ್ಬಿನ ದುಡ್ಡು ಕೈಗೆ ಬಂದಾಗಲೋ, ಒಡವೆ ಅಡವಿಟ್ಟೋ, ಸಂಘದಲ್ಲಿ ಸಾಲ ಎತ್ತಿಯೋ, ಮಗನಿಗೊಂದು ಅಂಗಡಿಯಾಗಲಿ ಎಂದು ಹೊರಟವರು. ಇವರಿಗೆ ಕಚೇರಿಯ ಮೆಟ್ಟಿಲೆಂದರೆ ಹೆದರಿಕೆ. ಅಲ್ಲಿ ಕೇಳಿದರೆ "ಸಾಹೇಬ್ರಿಲ್ಲ, ನಾಳೆ ಬನ್ನಿ" ಎಂದು ಸಾಗಹಾಕುತ್ತಾರೆ. ಬ್ರೋಕರ್ ಆದರೆ ಕೂರಿಸಿ ಟೀ ಕುಡಿಸುತ್ತಾನೆ. ಆ ಟೀಗೆ ಜನ ಲಕ್ಷಗಟ್ಟಲೆ ತೆತ್ತದ್ದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಕಾವೇರಿ ಎರಡು ಕವಲಾಗಿ ಬಳಸಿ ಹರಿಯುವ ಈ ನಡುಗಡ್ಡೆಯಲ್ಲಿ ವರ್ಷವಿಡೀ ಒಂದೇ ಸಮನಾದ ವ್ಯಾಪಾರ ಇಲ್ಲ. ಹುಣ್ಣಿಮೆಗೆ ನಿಮಿಷಾಂಬ ದೇವಸ್ಥಾನ, ಮಹಾಲಯ ಅಮಾವಾಸ್ಯೆಗೆ ಪಶ್ಚಿಮವಾಹಿನಿ ಮತ್ತು ಸಂಗಮ, ವೈಕುಂಠ ಏಕಾದಶಿ, ರಥಸಪ್ತಮಿಗೆ ರಂಗನಾಥಸ್ವಾಮಿ ಗುಡಿಯ ಬೀದಿ, ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳಿಂದ ದರಿಯಾ ದೌಲತ್ ಮತ್ತು ಗುಂಬಜ್ ತುಂಬುತ್ತವೆ. ನಡುವಿನ ದಿನಗಳಲ್ಲಿ ಅಂಗಡಿಯವರು ನೊಣ ಹೊಡೆಯುತ್ತಾ ಕೂರಬೇಕು. ದಲ್ಲಾಳಿ ನಿಮಗೆ ಮಳಿಗೆ ತೋರಿಸುವುದು ದಸರೆಯ ವಾರದಲ್ಲಿ. ನೀವು ಹೋಗಿ ನೋಡಬೇಕಾದದ್ದು ಜುಲೈ ತಿಂಗಳ ಒಂದು ಮಂಗಳವಾರ. ಇನ್ನೊಂದು ಮಾತು: 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ವಾಹನಗಳು ಬೈಪಾಸಿನಲ್ಲಿ ಊರನ್ನು ದಾಟಿ ಹೋಗುತ್ತವೆ. ಹಳೆಯ ಹೆದ್ದಾರಿಯ ಬದಿಯ ಮಳಿಗೆಗೆ ಅದಕ್ಕೆ ಮುಂಚಿನ ವ್ಯಾಪಾರದ ಲೆಕ್ಕ ಹೇಳಿ ಬಾಡಿಗೆ ಕೇಳುವವರಿದ್ದಾರೆ. ಆ ಲೆಕ್ಕವನ್ನು ನಂಬಬೇಡಿ.

ಮೊದಲ ಹೆಜ್ಜೆ, ಮಳಿಗೆ ಯಾರದ್ದೆಂದು ತಿಳಿಯುವುದು. ಎಲ್ಲಕ್ಕಿಂತ ಹೆಚ್ಚು ಜನ ಬೀಳುವುದು ಇಲ್ಲೇ.

ನಮ್ಮ ಕಡೆಯ ಯಾತ್ರಾಸ್ಥಳಗಳಲ್ಲಿ ಒಳ್ಳೆಯ ಜಾಗದ ಮಳಿಗೆ ಖಾಸಗಿಯವರದ್ದಾಗಿರುವುದು ಕಡಿಮೆ. ಪುರಸಭೆಯದೋ, ಮುಜರಾಯಿ ದೇವಸ್ಥಾನದ್ದೋ, ವಕ್ಫ್ ಸಂಸ್ಥೆಯದೋ, ಪಂಚಾಯಿತಿಯದೋ ಆಗಿರುತ್ತದೆ. ಇವನ್ನು ಹರಾಜಿನಲ್ಲಿ ಒಬ್ಬ ಕೂಗಿ ಹಿಡಿಯುತ್ತಾನೆ. ಆಮೇಲೆ ತಾನು ಕಟ್ಟುವ ಬಾಡಿಗೆಯ ಎಷ್ಟೋ ಪಟ್ಟಿಗೆ ಇನ್ನೊಬ್ಬನಿಗೆ ಒಳಬಾಡಿಗೆ ಕೊಡುತ್ತಾನೆ. ಹರಾಜಿನ ಷರತ್ತಿನಲ್ಲಿ ಒಳಬಾಡಿಗೆ ಕೊಡಕೂಡದು ಎಂದು ಸಾಮಾನ್ಯವಾಗಿ ಬರೆದೇ ಇರುತ್ತದೆ. ಬೀದಿಯಲ್ಲಿ ಎಲ್ಲರಿಗೂ ಇದು ಗೊತ್ತು, ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಬಾಡಿಗೆ ವಸೂಲಿಗೆ ಬರುವ ಸಿಬ್ಬಂದಿ ನಿಮ್ಮ ಕೈಯಿಂದಲೇ ದುಡ್ಡು ಎಣಿಸಿಕೊಂಡು ರಸೀದಿಯನ್ನು ಹರಾಜುದಾರನ ಹೆಸರಿಗೆ ಹರಿಯುತ್ತಾರೆ. ವರ್ಷಗಟ್ಟಲೆ ಕಣ್ಣುಮುಚ್ಚಿಕೊಂಡಿದ್ದು, ಅವಧಿ ಮುಗಿದಾಗ ಅಥವಾ ಲೆಕ್ಕಪರಿಶೋಧನೆಯ ಆಕ್ಷೇಪ ಬಂದಾಗ ಅದೇ ಕಚೇರಿ ನಿಮ್ಮನ್ನು ಅನಧಿಕೃತ ಅನುಭವದಾರ ಎಂದು ಕರೆಯುತ್ತದೆ. ನಾಚಿಕೆಗೇಡಿನ ನಡವಳಿಕೆ ಇದು. ಆದರೆ ಕಾನೂನು ಅವರ ಪರವಾಗಿಯೇ ಇದೆ.

ಪುರಸಭೆಯ ಮಳಿಗೆಯಾದರೆ 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ತೆರವು ಕಾಯ್ದೆಯಡಿ ಅಧಿಕಾರಿಯೇ ವಿಚಾರಣೆ ನಡೆಸಿ ಒಕ್ಕಲೆಬ್ಬಿಸಬಹುದು. "ಹನ್ನೆರಡು ವರ್ಷದಿಂದ ನಾನೇ ಇದೀನಿ" ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ನೀವು ದುಡ್ಡು ಕೊಟ್ಟದ್ದು ಹರಾಜುದಾರನಿಗೆ. ಸಂಸ್ಥೆಗೂ ನಿಮಗೂ ಯಾವ ಕರಾರೂ ಇಲ್ಲ. ಹಾಗೆಂದು ನೋಟಿಸು ಬಂದಾಗ ಮುದುರಿ ಇಟ್ಟುಬಿಡಬೇಡಿ. ಕೊಟ್ಟ ದಿನಾಂಕದೊಳಗೆ ಉತ್ತರ ಬರೆಯಿರಿ. ನೋಟಿಸಿಲ್ಲದೆ, ವಿಚಾರಣೆಯಿಲ್ಲದೆ ಸಾಮಾನು ಹೊರಗೆಸೆಯುವ ಅಧಿಕಾರ ಯಾವ ಮುಖ್ಯಾಧಿಕಾರಿಗೂ ಇಲ್ಲ.

ಕೊಟ್ಟ ಅಡ್ವಾನ್ಸಿನ ಗತಿ? ತಾನೇ ಮಾಲೀಕನೆಂದು ಸುಳ್ಳು ಹೇಳಿ ದುಡ್ಡು ತೆಗೆದುಕೊಂಡಿದ್ದರೆ ಅದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ದೂರು ಕೊಡಬಹುದು. ಆದರೆ ಒಳಬಾಡಿಗೆ ಎಂದು ಗೊತ್ತಿದ್ದೇ ಹಿಡಿದಿದ್ದರೆ ಪೊಲೀಸರು "ಸಿವಿಲ್ ಮ್ಯಾಟ್ರು" ಎಂದು ಕೈತೊಳೆದುಕೊಳ್ಳುತ್ತಾರೆ. ಆಗ ದುಡ್ಡಿನ ವಸೂಲಿಗೆ ದಾವೆಯೊಂದೇ ದಾರಿ, ಅದಕ್ಕೂ ದುಡ್ಡು ಕೊಟ್ಟ ಪುರಾವೆ ಬೇಕು. ನಗದು ಕೊಟ್ಟವರ ಬಳಿ ಅದು ಇರುವುದಿಲ್ಲ.

ಹಾಗಾದರೆ ಮೊದಲೇ ತಿಳಿಯುವುದು ಹೇಗೆ? ಸಂಸ್ಥೆಯ ಮಳಿಗೆ ಎಂಬ ಅನುಮಾನವಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗಿರಬೇಕು, ಆದ್ದರಿಂದ ಕಥೆ ಬರೆಯಬೇಡಿ. ಇಷ್ಟೇ ಕೇಳಿ: ಇಂಥ ಸಂಖ್ಯೆಯ ಮಳಿಗೆಯ ಹರಾಜುದಾರ ಯಾರು, ಅವಧಿ ಎಂದು ಮುಗಿಯುತ್ತದೆ, ಬಾಡಿಗೆ ಎಷ್ಟು, ಬಾಕಿ ಎಷ್ಟು, ಹರಾಜು ಷರತ್ತುಗಳ ನಕಲು ಕೊಡಿ. "ಮೂರನೇ ವ್ಯಕ್ತಿಯ ಮಾಹಿತಿ" ಎಂದು ತಿರಸ್ಕರಿಸಿದರೆ ಹೆದರಬೇಡಿ. ಸಾರ್ವಜನಿಕ ಆಸ್ತಿಯ ಗುತ್ತಿಗೆ ಯಾರ ಮನೆಯ ಗುಟ್ಟೂ ಅಲ್ಲ. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಒಂದು ತಿಂಗಳು ಕಾಯಲಾಗದು, ಬೇರೆಯವರು ಹಿಡಿದುಬಿಡುತ್ತಾರೆ ಎಂದು ದಲ್ಲಾಳಿ ಅವಸರಪಡಿಸುತ್ತಾನೆ. ಅವಸರಪಡಿಸುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮೇಲುಕೋಟೆಯಲ್ಲಿ ವೈರಮುಡಿಯ ಸಮಯಕ್ಕೆ, ಕಲ್ಲಹಳ್ಳಿಯ ಭೂವರಾಹನಾಥ ದೇವಸ್ಥಾನದ ಬಳಿ, ಆದಿಚುಂಚನಗಿರಿಯ ಜಾತ್ರೆಯಲ್ಲಿ ಜಾಗ ಹಿಡಿಯುವವರಿಗೂ ಇದೇ ಮಾತು. ಕನ್ನಂಬಾಡಿ ಹಿನ್ನೀರಿನ ದಡದಲ್ಲಿ ಶೆಡ್ಡು ಬಾಡಿಗೆಗೆ ಕೊಡುತ್ತೇನೆ ಎಂದವನಿಗೆ ಪಹಣಿ ತೋರಿಸೆನ್ನಿ. ನೀರಾವರಿ ನಿಗಮದ ಜಾಗದಲ್ಲಿ ಕಂಬ ನೆಟ್ಟವನು ಮಾಲೀಕನಾಗುವುದಿಲ್ಲ.

ಖಾಸಗಿ ಮಳಿಗೆಯಾದರೆ ಇ-ಖಾತೆ, ಕಂದಾಯ ಕಟ್ಟಿದ ರಸೀದಿ, ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ ಕೇಳಿ. ಖಾತೆ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದು ಹಿರಿಮಗ ಒಬ್ಬನೇ ಸಹಿ ಹಾಕುತ್ತಿದ್ದರೆ ನಿಲ್ಲಿ. ತಮ್ಮಂದಿರು, ಮದುವೆಯಾಗಿ ಹೋದ ಅಕ್ಕತಂಗಿಯರು ಎಲ್ಲರೂ ಹಕ್ಕುದಾರರು, ಎಲ್ಲರ ಸಹಿ ಬೇಕು. ಋಣಭಾರ ಪತ್ರದಲ್ಲಿ ಬ್ಯಾಂಕಿನ ಅಡಮಾನ ಕಂಡರೆ ಇನ್ನೂ ಹುಷಾರು. ಒಂದೇ ಗಂಟಿನಲ್ಲಿ ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಲೀಸಿಗೆ ಹಾಕಿಕೊಳ್ಳುವವರಂತೂ ಅಡಮಾನದ ಆಸ್ತಿಯ ಹತ್ತಿರ ಸುಳಿಯಬಾರದು. ಬ್ಯಾಂಕು ಹರಾಜಿಗಿಟ್ಟ ದಿನ ನೋಂದಣಿಯಾಗದ ಕಾಗದ ಹಿಡಿದವನ ಮಾತನ್ನು ಕೇಳುವವರಿರುವುದಿಲ್ಲ.

ಪಟ್ಟಣದೊಳಗೆ ಮತ್ತೊಂದು ತೊಡಕು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಶ್ರೀರಂಗಪಟ್ಟಣದಲ್ಲಿ ಸ್ಮಾರಕಗಳು ಒಂದೆರಡಲ್ಲವಾದ್ದರಿಂದ ಹೊಸ ಕಟ್ಟಡ ಎಂದ ಕೂಡಲೇ ಅನುಮತಿ ಪತ್ರ ಕೇಳಬೇಕು. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ವಿಧಿಸಬಹುದು. ಮುಂದೆ ಶೀಟು ಇಳಿಸುವುದು, ಮೇಲೊಂದು ಕೋಣೆ ಎಬ್ಬಿಸುವುದನ್ನು "ನೀವೇ ಮಾಡ್ಕೊಳಿ, ಬಾಡಿಗೇಲಿ ಮುರ್ಕೊಳಿ" ಎಂದು ಮಾಲೀಕ ಹೇಳಿದರೆ ಒಪ್ಪಬೇಡಿ. ಕಟ್ಟಿದವರು ನೀವಾಗುತ್ತೀರಿ.

ಎರಡನೆಯದು ಕಾಗದ. ಹನ್ನೊಂದು ತಿಂಗಳ ಕರಾರು ಕಾನೂನುಬದ್ಧವೇ, ಅದನ್ನು ನೋಂದಾಯಿಸಲೇಬೇಕೆಂದಿಲ್ಲ. ಆದರೆ ಅದು ನಿಮ್ಮನ್ನು ಕಾಯುವುದು ಆ ಹನ್ನೊಂದು ತಿಂಗಳು ಮಾತ್ರ. "ಪೇಪರ್ನಾಗೆ ಹನ್ನೊಂದು ತಿಂಗ್ಳು ಅಂತ ಇರ್ಲಿ ಬುಡಿ, ಐದು ವರ್ಷ ಯಾರೂ ಕೇಳಕಿಲ್ಲ" ಎಂಬ ಬಾಯಿಮಾತಿನ ಮೇಲೆ ಒಳಾಂಗಣಕ್ಕೆ ಲಕ್ಷಗಟ್ಟಲೆ ಸುರಿಯುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗದಿದ್ದರೆ ಅದರ ಅವಧಿ, ಷರತ್ತುಗಳನ್ನು ನ್ಯಾಯಾಲಯದಲ್ಲಿ ಸಾಧಿಸಲಾಗದು. ನಿಮ್ಮನ್ನು ತಿಂಗಳ ಬಾಡಿಗೆದಾರ ಎಂದೇ ಎಣಿಸುತ್ತಾರೆ. ತಿಂಗಳ ಬಾಡಿಗೆದಾರನನ್ನು ಬಿಡಿಸಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ 15 ದಿನದ ನೋಟಿಸು ಸಾಕು. ವ್ಯಾಪಾರ ಕುದುರಿಸಿದ್ದು ನೀವು, ಸೀಸನ್ನಿಗೆ ಹದಿನೈದು ದಿನ ಮುಂಚೆ ಹೊರಗೆ ಹೋಗುವವರೂ ನೀವೇ.

ನೋಟರಿಯ ಮೊಹರು ನೋಂದಣಿಯಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಇ-ಸ್ಟಾಂಪ್ ಕಾಗದದ ಬೆಲೆಯೂ ದಲ್ಲಾಳಿ ಹೇಳಿದಷ್ಟಲ್ಲ. ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಬಾಡಿಗೆಯ ಜೊತೆ ಅಡ್ವಾನ್ಸೂ ಸೇರುತ್ತದೆ. ಶುಲ್ಕ ಕಡಿಮೆ ಕಟ್ಟಿದ ಕಾಗದವನ್ನು ನ್ಯಾಯಾಲಯಕ್ಕೆ ತಂದರೆ ಕೊರತೆಯ ಹಣದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕು. ಅಡ್ವಾನ್ಸ್ ವಾಪಸು ಕೇಳಲು ಬಂದವರು ದಂಡದ ಮೊತ್ತ ಕೇಳಿ ದಾವೆಯನ್ನೇ ಬಿಟ್ಟು ಹೋಗುತ್ತಾರೆ. ಹೂಡಿಕೆ ಮಾಡುವ ಉದ್ದೇಶವಿದ್ದರೆ ಮೂರೋ ಐದೋ ವರ್ಷಕ್ಕೆ ಬರೆಸಿ, ಕಾವೇರಿ ತಂತ್ರಾಂಶದಲ್ಲಿ ವಿವರ ತುಂಬಿ, ಇಬ್ಬರೂ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ನೋಂದಾಯಿಸಿ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲೂ ಆ ಕಚೇರಿ ಇದೆ. ಬಾಗಿಲಲ್ಲಿ ನಿಂತಿರುವ ಮಧ್ಯವರ್ತಿಗೆ "ಒಳಗಿನ ಖರ್ಚು" ಎಂದು ಕೊಡಬೇಕಾದದ್ದು ಏನೂ ಇಲ್ಲ. ಅಡ್ವಾನ್ಸನ್ನು ಪೂರ್ತಿಯಾಗಿ ಕಾಗದದಲ್ಲಿ ಬರೆಸಿ, ಬ್ಯಾಂಕಿನ ಮೂಲಕವೇ ಕೊಡಿ. ಐದು ಲಕ್ಷ ಕೊಟ್ಟು ಒಂದು ಲಕ್ಷ ಎಂದು ಬರೆಸಿಕೊಂಡವರಿಗೆ ಕೊನೆಗೆ ಸಿಗುವುದು ಒಂದೇ ಲಕ್ಷ.

ಬಾಡಿಗೆ ಕಾಯ್ದೆ ನಮ್ಮನ್ನು ಕಾಯುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರು ಮೀರಿದ ವ್ಯಾಪಾರದ ಮಳಿಗೆಗೆ ಅನ್ವಯಿಸುವುದಿಲ್ಲ. ಚಿಕ್ಕ ಮಳಿಗೆಯಾದರೂ ಬಾಡಿಗೆಯ ಮಿತಿ ತೀರಾ ಕಡಿಮೆ. ಸರ್ಕಾರ, ಪುರಸಭೆಯ ಮಳಿಗೆಗಳು ಅದರ ಹೊರಗೆ. ಅದನ್ನು ನಂಬಿಕೊಂಡು ಕೂರಬೇಡಿ.

ಕರಾರಿನಲ್ಲಿ ಸೀಸನ್ನಿನ ಮಾತು ಇರಲೇಬೇಕು. ಕೆ.ಆರ್.ಎಸ್. ತುಂಬಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದರೆ ಸಂಗಮ, ಸ್ನಾನಘಟ್ಟಗಳ ಕಡೆ ಜನರನ್ನು ಬಿಡುವುದಿಲ್ಲ, ರಂಗನತಿಟ್ಟಿನ ದೋಣಿ ನಿಲ್ಲುತ್ತದೆ. ನಿಮ್ಮ ಅಂಗಡಿಗೆ ನೀರು ನುಗ್ಗದಿದ್ದರೂ ಗಿರಾಕಿ ಇರುವುದಿಲ್ಲ. ಆಗ ಬಾಡಿಗೆ ಕೊಡಬೇಕೆ? ಕೊಡಬೇಕು. ಪ್ರವಾಹದಲ್ಲಿ ಕಟ್ಟಡವೇ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾತ್ರ ಗುತ್ತಿಗೆ ಬಿಡುವ ಹಕ್ಕು ಬಾಡಿಗೆದಾರನಿಗಿದೆ. 2020ರ ಲಾಕ್‌ಡೌನ್ ಕಾಲದಲ್ಲಿ ದೆಹಲಿ ಹೈಕೋರ್ಟು ಹೇಳಿದ್ದೂ ಇದನ್ನೇ: ಕರಾರಿನಲ್ಲಿ ಮನ್ನಾದ ಮಾತು ಇಲ್ಲದಿದ್ದರೆ, ಅಂಗಡಿ ಮುಚ್ಚಿತ್ತೆಂಬ ಕಾರಣಕ್ಕಷ್ಟೇ ಬಾಡಿಗೆ ಮನ್ನಾ ಆಗದು. ಆದ್ದರಿಂದ ಮೊದಲೇ ಬರೆಸಿ. ಜಿಲ್ಲಾಡಳಿತ ಪ್ರವೇಶ ನಿಷೇಧಿಸಿದ ದಿನಗಳಿಗೆ ಬಾಡಿಗೆ ಇಲ್ಲ, ಇಂತಿಂಥ ತಿಂಗಳಿಗೆ ಅರ್ಧ ಬಾಡಿಗೆ, ಎರಡು ತಿಂಗಳ ನೋಟಿಸು ಕೊಟ್ಟು ಬಿಟ್ಟರೆ ಅಡ್ವಾನ್ಸ್ ಮುರಿಯುವಂತಿಲ್ಲ. ಒಪ್ಪದ ಮಾಲೀಕನೂ ಇರುತ್ತಾನೆ. ಕೊನೆಯ ಷರತ್ತನ್ನಾದರೂ ಬಿಟ್ಟುಕೊಡಬೇಡಿ.

ಉಳಿದದ್ದು ಚಿಕ್ಕದು. ಪುರಸಭೆ ಅಥವಾ ಪಂಚಾಯಿತಿಯ ವ್ಯಾಪಾರ ಪರವಾನಗಿ, ತಿಂಡಿಯ ಅಂಗಡಿಯಾದರೆ ಆಹಾರ ಸುರಕ್ಷತೆಯ ನೋಂದಣಿ, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ. ಸಕಾಲದಲ್ಲಿರುವ ಸೇವೆಗೆ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಪಡೆಯದೆ ಕಿಟಕಿ ಬಿಟ್ಟು ಬರಬೇಡಿ. ಸೆಸ್ಕ್ ಕಚೇರಿಯಲ್ಲಿ ಮೀಟರಿನ ಹಳೆಯ ಬಾಕಿ ವಿಚಾರಿಸಿ. ಗುಡಿಯ ಬೀದಿಯಲ್ಲಿ ತಳ್ಳುಗಾಡಿ ಇಡುವವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಆ ಜಾಗವನ್ನು ಬಾಡಿಗೆಗೆ ಕೊಡುವ ಹಕ್ಕು ಪ್ರಮಾಣಪತ್ರ ಹೊಂದಿದ ವ್ಯಾಪಾರಿಗೇ ಇಲ್ಲ. ದಿನಕ್ಕಿಷ್ಟು ಎಂದು ಕೀಳುವ ಪುಢಾರಿಗೆ ಎಲ್ಲಿಂದ ಬಂದೀತು?

ಮಾಲೀಕ ರಾತ್ರೋರಾತ್ರಿ ಬೀಗ ಹಾಕಿದರೆ ಅದನ್ನು ನೀವೇ ಒಡೆಯಬೇಡಿ, ಒಡೆದರೆ ನಿಮ್ಮ ಮೇಲೆಯೇ ಕೇಸಾಗುತ್ತದೆ. 112ಕ್ಕೆ ಕರೆ ಮಾಡಿ, ಫೋಟೊ ತೆಗೆದು, ಒಳಗಿರುವ ಸಾಮಾನಿನ ಪಟ್ಟಿಯೊಂದಿಗೆ ಠಾಣೆಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನ್ಯಾಯಾಲಯದ ಆದೇಶವಿಲ್ಲದೆ ಹೊರಗೆ ಹಾಕಿದರೆ ಸ್ವಾಧೀನ ಮರಳಿ ಕೇಳುವ ವಿಶೇಷ ದಾವೆಯಿದೆ. ಆದರೆ ಅದನ್ನು ಆರು ತಿಂಗಳೊಳಗೆ ಹಾಕಬೇಕು. "ಪಂಚಾಯ್ತಿ ಮಾಡಿ ಮುಗಿಸೋಣ" ಎಂದು ಊರಿನ ಮುಖಂಡರು ಎಳೆದಾಡುವುದರೊಳಗೆ ಆ ಆರು ತಿಂಗಳು ಕಳೆದುಹೋಗುತ್ತವೆ. ವಕೀಲರ ಶುಲ್ಕಕ್ಕೆ ದುಡ್ಡಿಲ್ಲದಿದ್ದರೆ ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಪ್ರವಾಹ ಸಂತ್ರಸ್ತರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ಹಕ್ಕಿದೆ.

ಬಿಡುವಾಗಲೂ ಎಚ್ಚರ ಬೇಕು. ಸೀಸನ್ ಮುಗಿಯಿತೆಂದು ಷಟರ್ ಎಳೆದು ಊರಿಗೆ ಹೋದರೆ ಮಳಿಗೆ ಬಿಟ್ಟಂತಲ್ಲ, ಬಾಡಿಗೆ ಏರುತ್ತಲೇ ಇರುತ್ತದೆ, ಅಡ್ವಾನ್ಸ್ ಕರಗುತ್ತಲೇ ಇರುತ್ತದೆ. ಕೀಲಿ ಕೊಟ್ಟ ದಿನ, ಮೀಟರಿನ ಅಂಕಿ, ಮರಳಬೇಕಾದ ಅಡ್ವಾನ್ಸ್ ಬರೆದು ಇಬ್ಬರೂ ಸಹಿ ಹಾಕಿ. ಮಾಲೀಕ ಕೀಲಿ ತೆಗೆದುಕೊಳ್ಳದಿದ್ದರೆ ಅದನ್ನೇ ತಿಳಿಸಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅಡ್ವಾನ್ಸ್ ವಸೂಲಿಯ ದಾವೆಗೆ ಮೂರು ವರ್ಷ ಕಾಲವಿದೆ. ಮೊತ್ತ ಮೂರು ಲಕ್ಷ ಅಥವಾ ಹೆಚ್ಚಾದರೆ ವಾಣಿಜ್ಯ ವ್ಯಾಜ್ಯವಾಗುವ ಕಾರಣ, ತುರ್ತು ಪರಿಹಾರ ಬೇಡದಿದ್ದಲ್ಲಿ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮಧ್ಯಸ್ಥಿಕೆಗೆ ಹೋಗಲೇಬೇಕು. ಅದನ್ನು ಬಿಟ್ಟು ನೇರ ದಾವೆ ಹಾಕಿದರೆ ತಿರಸ್ಕಾರವಾಗುತ್ತದೆ. ಮಧ್ಯಸ್ಥಿಕೆಗೆ ಮಂಡ್ಯಕ್ಕೆ ಹೋಗುವಾಗ ನೋಂದಾಯಿತ ಕರಾರು, ಬ್ಯಾಂಕಿನ ವಿವರ, ಕೀಲಿ ಕೊಟ್ಟ ಪತ್ರ ಜೊತೆಗಿರಲಿ. ಅಷ್ಟಿದ್ದವರ ದುಡ್ಡು ಎಷ್ಟೋ ಸಲ ಅಲ್ಲೇ ಮರಳಿ ಬಂದಿದೆ.